ಗುಳಿಗೆ ಕರಗುವ ತನಕ

ಹೊಳೆಯ ದಂಡೆಗೆ ಒಂದು ಮಠ. ಅಲ್ಲಿಯ ಅಜ್ಜನವರು ಬೆಳಗಿನ ಪೂಜೆ ಮುಗಿಸಿ, ಊಟದ ಹೊತ್ತಿನವರೆಗೆ, ಬಂದವರಿಗೆ ಹೋಮಿಯೋಪಥಿ ಔಷಧ ಕೊಡುತ್ತಿದ್ದರು.

ಮುರಿಗಯ್ಯ ಅವರ ಶಿಷ್ಯ. ಔಷಧದ ಪುಸ್ತಕ ಅವನಿಗೆ ಬಾಯಿಪಾಠವಾಗಿತ್ತು.

ಒಂದು ದಿನ ಹೊಲಗೆಲಸದ ಗುರುಸಿದ್ಧವ್ವ ಮಗಳ ರಟ್ಟೆ ಹಿಡಿದುಕೊಂಡು ಬಂದಳು.

"ಒಂದ್ ಕಡೆ ಕುಂದರಂಗಿಲ್ರಿ ಅಜ್ಜಾರ. ಹೇಳಿದ್ದು ಕಿವ್ಯಾಗ ಹೋಗಂಗಿಲ್ಲ. ಪ್ಯಾಟಿ ಡಾಕ್ಟರು ಎಡಿಎಚ್‌ಡಿ ಅಂದ್ರು, ವಾರಕ್ಕೊಮ್ಮೆ ಕರಕೊಂಡು ಬಾ ಅಂದ್ರು. ಸಾಲಿ ಮಾಸ್ತರು, ದೀಪಾವಳಿ ಸೂಟಿ ಮುಗಿದ ಮ್ಯಾಲೂ ಹಿಂಗ ಇದ್ರ ಕಳಿಸಬ್ಯಾಡ ಅಂದಾರ. ನಂದಂತೂ ಕಳೆ ಕೀಳೂದ್ರಾಗ ಹೋತು. ಇಕಿದೂ ಹಂಗ ಹೋಗತೈತ್ರಿ."

ಅವಳು ಇಷ್ಟು ಹೇಳುವಷ್ಟರಲ್ಲಿ ಮಗಳು ನೀಲಿ, ಕೈ ಕೊಸರಿಕೊಂಡು ಹೋಗಿ, ನೀರಿನ ಕೊಡ ಉರುಳಿಸಿ, ಅಂಗಳದ ಬೇವಿನ ಮರ ಅರ್ಧ ಹತ್ತಿ ಇಳಿದು, ಅಜ್ಜನವರ ಮುಂದೆ ಬಂದು ನಿಂತಿದ್ದಳು.

"ಅಜ್ಜಾ, ನಿನ್ನ ಗಡ್ಡದಾಗ ಇರಿವಿ ಹೊಂಟೈತಿ."

ಅಜ್ಜನವರು ಗಡ್ಡಕ್ಕೆ ಕೈ ಹಾಕಿದರು. ಇರುವೆ ಇತ್ತು.

"ಮುಂಜಾನಿಂದ ಇಷ್ಟು ಮಂದಿ ಬಂದು ಹ್ವಾದ್ರು," ಎಂದರು. "ಯಾರ ಕಣ್ಣಿಗೂ ಬಿದ್ದಿರಲಿಲ್ಲ."

ಅಷ್ಟು ಹೇಳಿ ನಕ್ಕರು. ಹುಡುಗಿ ಅದಾಗಲೇ ಹೊಳೆಯ ಮೆಟ್ಟಿಲ ಮೇಲಿದ್ದಳು.

"ನಗಬ್ಯಾಡ್ರಿ ಅಜ್ಜಾರ. ದಿನಾ ಆಕಿ ಹಿಂದ ಓಡಾಕಿ ನಾನು."

"ನಿದ್ದಿ ಹೆಂಗ, ತಂಗಿ?"

"ಬಿದ್ದಲ್ಲೇ ನಿದ್ದಿ ಮಾಡತಾಳ್ರಿ."

"ಯಾತರ ಅಂಜಿಕಿ?"

"ಅಂಜಿಕಿ ಅನ್ನೂದ ಇಲ್ರಿ ಅದಕ್ಕ."

ಅಜ್ಜನವರು ಶಿಷ್ಯನ ಕಡೆ ತಿರುಗಿದರು. "ಏನು ಕೊಡತಿ, ಮುರಿಗಯ್ಯ?"

ಮುರಿಗಯ್ಯ ಔಷಧದ ಹೆಸರು ಹೇಳಿದ. ಕೇಳದಿದ್ದರೂ ಕಾರಣವನ್ನೂ ಹೇಳಿದ. "ಸುಮ್ಮನಿದ್ದವರಿಗೆ ಯಾವುದು ಚಡಪಡಿಕಿ ತರತೈತಿ, ಅದನ್ನ ಹನಿಯಷ್ಟು ಕೊಟ್ಟರ ಚಡಪಡಿಸೋರು ಸುಮ್ಮನಾಗತಾರ."

"ಪುಸ್ತಕ ಹಂಗ ಹೇಳತೈತಿ," ಎಂದರು ಅಜ್ಜನವರು. "ಕೊಡು, ನೋಡೂಣು. ತಂಗಿ, ಪ್ಯಾಟಿ ಡಾಕ್ಟರ ಹಂತೇಕ ಹೋಗೂದು ಮಾತ್ರ ಬಿಡಬ್ಯಾಡ."

"ಪಥ್ಯ ಏನ್ರಿ?"

"ಏನೂ ಇಲ್ಲ."

ಮುರಿಗಯ್ಯ ಸಕ್ಕರೆಯ ಸಣ್ಣ ಗುಳಿಗೆಗಳಿಗೆ ಔಷಧದ ಹನಿ ಹಾಕಿ, ಸೀಸೆ ಕೊಟ್ಟು, ಬಾಗಿಲ ತನಕ ಬಂದ. ಗುರುಸಿದ್ಧವ್ವ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಸಾಸಿವಿ ಕಾಳಿನಂಗ ಅದಾವಲ್ರಿ ಅಯ್ಯಾರ. ಪಥ್ಯ ಇಲ್ಲದ ಔಷಧ ನಾಟತೈತೇನ್ರಿ?"

ತನ್ನ ಔಷಧವನ್ನು ಹಗುರ ಮಾಡಿದಳೆಂದು ಮುರಿಗಯ್ಯನಿಗೆ ಅನಿಸಿತು. ಅಜ್ಜನವರು ಒಳಗೆ ದೂರದಲ್ಲಿದ್ದರು.

"ಪಥ್ಯ ಐತಿ," ಎಂದ. "ಗುಳಿಗಿ ಕರಗಿ ಮೈಗೆ ಹತ್ತೂತನಕ ಕದಲಬಾರದು. ಕದಲಿದರ ಗುಣ ಹೋಗತೈತಿ."

"ಕರಗಿದ್ದು ಹೆಂಗ ಗೊತ್ತಾಗಬೇಕ್ರಿ?"

ಅದನ್ನು ಅವನು ಯೋಚಿಸಿರಲಿಲ್ಲ.

"ತಾನ ಸುಮ್ಮನಾಗತಾಳ," ಎಂದ. "ಆವಾಗ ಗೊತ್ತಾಗತೈತಿ."

ಗುರುಸಿದ್ಧವ್ವ ಸೀಸೆಯನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಕಟ್ಟಿದಳು.

ಮಹಾನವಮಿ ಕಳೆದ ಮೇಲೆ ಅವಳು ಮತ್ತೆ ಬಂದಳು. ಕೈಯಲ್ಲಿ ಸೌತೆಕಾಯಿ, ಮಡಿಲಲ್ಲಿ ಚೆಂಡುಹೂ. ಒಬ್ಬಳೇ ಬಂದಿದ್ದಳು.

"ಪುಣ್ಯಾ ಬರಲ್ರಿ. ಮಗಳು ಗೊಂಬಿ ಕುಂತಂಗ ಕುಂದರತಾಳ್ರಿ ಈಗ."

ಮುರಿಗಯ್ಯನ ಮುಖ ಅರಳಿತು. "ನೋಡ್ರಿ ಅಜ್ಜಾರ. ಪುಸ್ತಕದಾಗ ಇದ್ದಂಗ ಆತು."

ಅಜ್ಜನವರು ಹೂವನ್ನು ಮುಟ್ಟಲಿಲ್ಲ.

"ಗಿಡ ಹತ್ತತಾಳೇನು?"

"ಇಲ್ರಿ."

"ಕೊಡ ಉರುಳಸತಾಳೇನು?"

"ಮುಟ್ಟಂಗೇ ಇಲ್ರಿ."

"ನಗತಾಳೇನು?"

"ಅದನ್ನ ನೋಡಿಲ್ರಿ," ಎಂದಳು.

"ಪ್ಯಾಟಿ ಡಾಕ್ಟರು ಏನಂದ್ರು?"

"ಹೋಗಿಲ್ರಿ. ಬಸ್ಸಿನ್ಯಾಗ ಕದಲತಾಳಲ್ರಿ."

ಅಜ್ಜನವರು ಕೋಲು ತೆಗೆದುಕೊಂಡು ಎದ್ದರು. ಮುರಿಗಯ್ಯನೂ ಅವರ ಹಿಂದೆ ಹೊರಟ.

ಮನೆಯ ಕದಕ್ಕೆ ಹೊರಗಿನಿಂದ ಚಿಲಕ ಹಾಕಿತ್ತು. ಗುರುಸಿದ್ಧವ್ವ ತೆಗೆದಳು.

ಒಳಗೆ ನಡುಗಂಬಕ್ಕೆ ಬೆನ್ನು ಕೊಟ್ಟು ನೀಲಿ ಕೂತಿದ್ದಳು. ಸೊಂಟಕ್ಕೂ ಕಾಲಿಗೂ ಹಳೆಯ ಸೀರೆ ಸುತ್ತಿ ಕಂಬಕ್ಕೆ ಕಟ್ಟಿತ್ತು. ಪಕ್ಕದಲ್ಲಿ ನೀರಿನ ತಂಬಿಗೆ, ಔಷಧದ ಸೀಸೆ.

"ಏನಿದು, ತಂಗಿ?"

"ಪಥ್ಯ ರೀ. ಮೊದಲ ಭಾಳ ಕೊಸರಾಡತಿದ್ಲು, ಅಳತಿದ್ಲು. ಹಗ್ಗ ಕಟ್ಟಿದರ ನೋಯತೈತಿ ಅಂತ ನನ್ನ ಮದಿವಿ ಸೀರಿ ಹರದು ಕಟ್ಟೀನ್ರಿ. ಗುಳಿಗಿ ಒಂದ್ ಹೊತ್ತೂ ತಪ್ಪಿಸಿಲ್ಲ. ಅಯ್ಯಾರು ಹೇಳಿದಂಗ ತಾನ ಸುಮ್ಮನಾದ್ಲು ನೋಡ್ರಿ."

ಅಜ್ಜನವರು ಶಿಷ್ಯನ ಕಡೆ ನೋಡಿದರು. ಮುರಿಗಯ್ಯ ನೆಲ ನೋಡಿದ.

"ಔಷಧಕ್ಕ ಬೆಲಿ ಬರಲಿ ಅಂತ ಹೇಳಿದ್ನಿರಿ," ಎಂದ.

ಅಜ್ಜನವರು ನೆಲದ ಮೇಲೆ ಕೂತು ಗಂಟು ಬಿಚ್ಚತೊಡಗಿದರು. ದಿನವೂ ಹಾಕಿದ ಗಂಟು, ಬಿಗಿಯಾಗಿತ್ತು. ವಯಸ್ಸಾದ ಕೈ, ಬಹಳ ಹೊತ್ತು ಹಿಡಿಯಿತು. ಮುರಿಗಯ್ಯ ಕೈ ಮುಂದೆ ಮಾಡಿದ. ಅವರು ಗಂಟು ಬಿಟ್ಟುಕೊಡಲಿಲ್ಲ.

ಸೀರೆ ಕಳಚಿತು. ಕಾಲಿನ ಮೇಲೆ ಅದರ ಅಂಚಿನ ಗುರುತು ಉಳಿದಿತ್ತು.

"ಏಳು ಮಗಳ," ಎಂದರು. "ಕದ ತೆಗೆದೈತಿ. ಹೊರಗ ಹೋಗು."

ನೀಲಿ ಏಳಲಿಲ್ಲ.

ಅಜ್ಜನವರು ಮುಖವನ್ನು ಅವಳ ಮುಖದ ಹತ್ತಿರ ತಂದರು. "ನೋಡು, ಗಡ್ಡದಾಗ ಇರಿವಿ ಐತೇನು?"

ಅವಳು ನೋಡಲಿಲ್ಲ. ಒಂದು ನೊಣ ಬಂದು ಅವಳ ಕೆನ್ನೆಯ ಮೇಲೆ ಕೂತು, ತುಟಿಯ ಕಡೆ ನಡೆಯಿತು. ಅವಳು ಕೈ ಎತ್ತಲಿಲ್ಲ.

ಕಣ್ಣು ಮಾತ್ರ ತಾಯಿಯ ಕಡೆ ಹೊರಳಿತು.

"ಅವ್ವಾ, ಕರಗ್ಯಾವೇನ?"

ಗುರುಸಿದ್ಧವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಸೆರಗು ಬಾಯಿಗೆ ಹೋಯಿತು.

ಅಜ್ಜನವರು ನೊಣ ಓಡಿಸಿ, ಹುಡುಗಿಯ ಪಾದಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಒತ್ತುತ್ತ ಕೂತರು. ಪಾದಗಳು ತಣ್ಣಗಿದ್ದವು.

ಬಹಳ ಹೊತ್ತಿನ ಮೇಲೆ ಮುರಿಗಯ್ಯ ಕೇಳಿದ.

"ಅಜ್ಜಾರ, ಈಗ ಯಾವ ಔಷಧ ಕೊಡ್ಲಿ?"

ಅಜ್ಜನವರು ತಲೆ ಎತ್ತದೆ ಹೇಳಿದರು:

"ಅವತ್ತು ಮಠಕ್ಕ ಬಂದಾಗ ಇಕಿಗೆ ಒಂದು ರೋಗ ಇತ್ತಲ್ಲ, ಅದು ತಿರುಗಿ ಬರುವಂಥದ್ದು ಇದ್ದರ ಕೊಡು."