ಹಂಡೆ ಉಜ್ಜುವ ಹೊತ್ತು

ಹೊಳೆದಂಡೆಯ ಮೇಲೆ ಒಂದು ಕ್ರೈಸ್ತ ಆಶ್ರಮ. ಗುರುಗಳು ಇನ್ನಾಸಪ್ಪ ಸ್ವಾಮಿ. ಮಾತು ಕಡಿಮೆ, ನಶ್ಯ ಜಾಸ್ತಿ.

ಒಂದು ಮಧ್ಯಾಹ್ನ ಶಿಷ್ಯ ಶೌರಪ್ಪ ಏದುಸಿರು ಬಿಡುತ್ತ ಬಂದ.

"ಸ್ವಾಮಿ, ಹೊಳೆ ಬಂಡೆ ಮೇಲೆ ಮಾತೆ ಮರಿಯಮ್ಮ! ಇವತ್ತೂ ಬಂದಿದ್ರು!"

"ಏನಂದ್ರು?"

"'ನಿನ್ನನ್ನ ಆರಿಸ್ಕೊಂಡಿದೀನಿ, ಊರಿಗೆಲ್ಲ ಹೇಳು' ಅಂತ ದಿನಾ ಅಂತಾರೆ."

"ಹೇಳಿದ್ಯಾ?"

"ಮೊನ್ನೆ ಸಂತೇಲಿ ಹೇಳ್ದೆ. ಭಾನುವಾರ ಜನ ಬರ್ತಾರೆ. ನಿಜ ಅಂತ ನೀವು ಬಿಷಪ್ಪರಿಗೆ ಒಂದು ಮಾತು ಹೇಳಿಬಿಡಿ. ಇಲ್ಲಾಂದ್ರೆ ಯಾವ ಮುಖ ಹೊತ್ಕೊಂಡು ನಿಲ್ಲಲಿ? ಆಶ್ರಮ ಬಿಟ್ಟೇ ಹೋಗ್ಬೇಕಾಗತ್ತೆ."

ಸ್ವಾಮಿ ನಶ್ಯ ಏರಿಸಿ ಸೀನಿದರು. ದೊಡ್ಡ ಉಪದೇಶ ಬರುತ್ತೆ ಅಂತ ಶೌರಪ್ಪ ಕಾದ. ಇನ್ನೊಂದು ಸೀನು ಬಂತು.

"ಯಾವ ಹೊತ್ತಿಗೆ ಬರ್ತಾರೆ?"

"ಊಟ ಆದ ತಕ್ಷಣ. ಒಂದಿನಾನೂ ತಪ್ಪಲ್ಲ."

ಒಳಗಿನಿಂದ ಅಡುಗೆಯ ಆರೋಗ್ಯಮ್ಮ ಕೂಗಿದಳು. "ಹಂಡೆ ಉಜ್ಜೋ ಹೊತ್ತು ಅನ್ನಪ್ಪಾ! ಮಂಡಿ ನೋವಿಟ್ಕೊಂಡು ನಿನ್ನ ಪಾಲಿಂದೂ ನಾನೇ ಉಜ್ತಿದೀನಿ. ಪಾಪ, ದೇವಮಾತೆಗೂ ಬೇರೆ ಪುರುಸೊತ್ತೇ ಇಲ್ಲ!"

ಶೌರಪ್ಪನ ಕಿವಿ ಕೆಂಪಾಯಿತು. "ಹಂಡೆ ದೊಡ್ಡದೋ, ದರ್ಶನ ದೊಡ್ಡದೋ ಸ್ವಾಮಿ?"

ಸ್ವಾಮಿ ಎದ್ದು ಹೋದರು. ತಳ ಹಿಡಿದ ಗಂಜಿ ಹಂಡೆಯನ್ನು ಉರುಳಿಸಿಕೊಂಡು ಬಂದು ಅವನ ಕಾಲ ಬುಡದಲ್ಲಿ ನಿಲ್ಲಿಸಿದರು.

"ನಾಳೆಯಿಂದ ಬಂಡೆ ಹತ್ರ ಹೋಗ್ಬೇಡ. ಇದನ್ನ ಉಜ್ಜು."

"ಅವರು ಬಂದು ಕಾಯ್ತಿದ್ರೆ?"

"ಹಿತ್ತಲಿಗೆ ಬರ್ತಾರೆ."

"ದೇವರ ತಾಯಿ? ಈ ಮಸಿ ಹತ್ರ?"

"ನಜರೇತಲ್ಲಿ ಆ ತಾಯಿ ಮನೇಲಿ ಹಂಡೆ ಯಾರು ಉಜ್ತಿದ್ರು ಅನ್ಕೊಂಡಿದೀಯ?"

ಮಾರನೇ ದಿನ ಶೌರಪ್ಪ ಉಜ್ಜಿದ. ಆಚೆ ದಡಕ್ಕೂ ಕೇಳುವ ಹಾಗೆ ದಡಬಡ ಸದ್ದು ಮಾಡುತ್ತ ಉಜ್ಜಿದ.

"ಬರ್ಲಿಲ್ಲ," ಅಂದ ಸಂಜೆ.

"ಮಸಿ ಹೋಯ್ತಾ?"

"ಅರ್ಧ."

"ಇನ್ನರ್ಧ ನಾಳೆ."

ಭಾನುವಾರ ದಂಡೆ ತುಂಬ ಜನ. ಶೌರಪ್ಪ ಮೊಣಕೈವರೆಗೆ ಬೂದಿ ಮೆತ್ತಿಕೊಂಡು ಬಂದು ನಿಂತ. ಸ್ವಾಮಿಯ ಕಡೆ ನೋಡಿದ. ಸ್ವಾಮಿ ಹೊಳೆ ನೋಡುತ್ತಿದ್ದರು.

"ನಾನು ಅವಸರ ಪಟ್ಟೆ," ಅಂದ. "ಕಂಡಿದ್ದು ಏನು ಅಂತ ನನಗೇ ಗೊತ್ತಿಲ್ಲ. ಮನೆಗೆ ಹೋಗಿ."

"ಎಮ್ಮೆ ಇರಬೇಕು, ಸರಿಯಾಗಿ ನೋಡೋ!" ಅಂದ ಒಬ್ಬ. ದಂಡೆಯೆಲ್ಲ ನಕ್ಕಿತು.

ಅವತ್ತು ರಾತ್ರಿ ಅವನು ಗಂಟು ಕಟ್ಟುತ್ತಾನೆ ಅಂತ ಎಲ್ಲರೂ ಅಂದುಕೊಂಡರು. ಕಟ್ಟಲಿಲ್ಲ. ಮಾರನೇ ದಿನ ಊಟ ಆದ ಮೇಲೆ, ಯಾರೂ ಕರೆಯದೆ, ಹಿತ್ತಲಿಗೆ ಹೋದ.

ಹಾಗೇ ದಿನಗಳು ಹೋದವು. ಒಂದು ಮಧ್ಯಾಹ್ನ ಸ್ವಾಮಿ ಹಿತ್ತಲಿಗೆ ಬಂದರು. ಬಿಸಿಲಿಗೆ ಕಾಲು ಚಾಚಿಕೊಂಡು ಆರೋಗ್ಯಮ್ಮ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಶೌರಪ್ಪ ಸದ್ದಿಲ್ಲದೆ ಉಜ್ಜುತ್ತಿದ್ದ. ಹಂಡೆಯ ತಳ ಮಿಂಚುತ್ತಿತ್ತು.

"ಮತ್ತೆ ಬಂದಿದ್ರಾ?"

ಶೌರಪ್ಪ ತಲೆ ಎತ್ತಲಿಲ್ಲ. ಕಣ್ಣು ತುಂಬಿತ್ತು.

"ಮೆಲ್ಲಗೆ ಮಾತಾಡಿ ಸ್ವಾಮಿ," ಅಂದ. "ಆರೋಗ್ಯಮ್ಮ ಮಲಗಿದಾರೆ."

ಸ್ವಾಮಿ ಅವನ ಪಕ್ಕ ನೆಲದ ಮೇಲೆ ಕೂತರು. ನಶ್ಯದ ಡಬ್ಬಿ ಪಕ್ಕಕ್ಕಿಟ್ಟರು.

"ಈಗ ಹೇಳು. ಕೇಳ್ತೀನಿ."