ಮಂಗಳವಾರದ ನೀರು ಚೆಲ್ಲಿದ ಬಂಡೆ

ಘಾನಾ ದೇಶದ ಕೋಕೋ ತೋಟಗಳ ಸೀಮೆಯಲ್ಲಿ ಅಬೆಸೊ ಎಂಬ ಸಣ್ಣ ಊರಿದೆ. ಅಲ್ಲಿ ತೊರೆಗೆ ಇಳಿಯುವ ಕೆಂಪುಮಣ್ಣಿನ ದಾರಿಯ ತಲೆಯಲ್ಲಿ, ಒಂದು ಹಳೆಯ ಅಂಗಳಕ್ಕೆ ಆತುಕೊಂಡು, ಮೊಣಕಾಲೆತ್ತರದ ಕರಿಬಂಡೆಯೊಂದು ಮಲಗಿದೆ. ಅದರ ನೆತ್ತಿಯಲ್ಲಿ ಬೊಗಸೆಯಷ್ಟು ತಗ್ಗು. ಕಡುಬೇಸಿಗೆಯಲ್ಲೂ ಅಲ್ಲಿ ತೇವ ಆರುವುದಿಲ್ಲ ಎನ್ನುತ್ತಾರೆ. ಊರವರ ಬಾಯಲ್ಲಿ ಅದು ‘ನೊಕ್ವಾರೆ ಬೊ’, ಎಂದರೆ ಸತ್ಯದ ಕಲ್ಲು. ಆ ಹೆಸರಿಗೆ ಕಾರಣಳಾದವಳು ಆ ಸೀಮೆಯ ಅಕಾನ್ ಜನದವಳಲ್ಲ, ಗದಗ ಸೀಮೆಯಿಂದ ಹೋದ ಒಬ್ಬ ಶಿಕ್ಷಕಿ.

ಹಿಂದೆ ಒಮ್ಮೆ, ಆ ಊರಿಗೆ ಇನ್ನೂ ಮೋಟಾರು ಬಾರದಿದ್ದ ಕಾಲದಲ್ಲಿ, ಇಂದುಮತಿ ಎಂಬ ತರುಣಿ ಸಂಬಳದ ಆಸೆಯಿಲ್ಲದೆ ಸ್ವಯಂಸೇವಕಿಯಾಗಿ ಪಾಠ ಹೇಳಲು ಬಂದಳು. ಮೊದಲ ದಿನವೇ ಮಕ್ಕಳು ಕೇಳಿದ್ದು, ನೀವು ಹುಟ್ಟಿದ್ದು ಯಾವ ವಾರ ಎಂದು. ಅಲ್ಲಿ ಹುಟ್ಟಿದ ವಾರವೇ ಮನುಷ್ಯನ ಮೊದಲ ಹೆಸರು. ಇಂದುಮತಿಗೆ ತನ್ನ ನಕ್ಷತ್ರ ಗೊತ್ತಿತ್ತು, ಪಾದ ಗೊತ್ತಿತ್ತು, ವಾರ ಗೊತ್ತಿರಲಿಲ್ಲ. ತಾಯಿಗೆ ಬರೆದ ಕಾಗದಕ್ಕೆ ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಗುರುವಾರ ಹುಟ್ಟಿದ ಹೆಣ್ಣಿಗೆ ಅಲ್ಲಿ ‘ಯಾ’ ಎಂದು ಹೆಸರು; ತನ್ನದು ಗುರುವಾರ ಎಂದು ತಿಳಿದ ದಿನ ಅವಳು ‘ಮೇಡಂ ಯಾ’ ಆದಳು. ಹಗಲೆಲ್ಲ ಹುಣಸೆಬೀಜದಿಂದ ಲೆಕ್ಕ ಕಲಿಸುವುದು, ಸಂಜೆ ಶಾಲೆಯ ಹಿಂದಿನ ಕೋಣೆಯಲ್ಲಿ ಸ್ಟೋವು ಹಚ್ಚಿ ನೀರು ಕುದಿಸುವುದು, ನೆರೆಮನೆಯ ಹೆಂಗಸರು ತಂದ ಗೆಣಸಿನ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವುದು. ಹೀಗೆ ಅವಳ ದಿನಗಳು ಸಾಗಿದವು. ತೊರೆಗೆ ಮಂಗಳವಾರ ವಿಶ್ರಾಂತಿ, ಆ ದಿನ ಯಾರೂ ಕೊಡ ಮುಳುಗಿಸಬಾರದು ಎಂಬುದನ್ನೂ ಅವಳಿಗೆ ಬಂದ ವಾರವೇ ಹೇಳಿಕೊಟ್ಟಿದ್ದರು.

ಬಂಡೆಯ ಪಕ್ಕದ ಅಂಗಳ ನಾನಾ ಅಫುವಾ, ಎಂದರೆ ಅಫುವಾ ಅಜ್ಜಿ, ಎಂಬ ಮುದುಕಿಯದು. ಅವಳ ಸೊಸೆ ಅಡ್ವೋವಾ ಎರಡು ಬಾರಿ ಹೆತ್ತು, ಎರಡೂ ಕೂಸುಗಳನ್ನು ಎಂಟನೆಯ ದಿನಕ್ಕೆ ಮೊದಲೇ ಕಳೆದುಕೊಂಡಿದ್ದಳು. ಎಂಟನೆಯ ಬೆಳಗಿನವರೆಗೆ ಕೂಸು ಬರೀ ಅತಿಥಿ, ಬಂದ ದಾರಿಯಲ್ಲೇ ಹಿಂತಿರುಗೀತು ಎಂಬುದು ಆ ಜನರ ನಂಬಿಕೆ. ಆ ಬೆಳಿಗ್ಗೆ ಸೂರ್ಯ ಏಳುವ ಮುನ್ನ ಅದನ್ನು ಹೊರಗೆ ತಂದು, ನಾಲಗೆಗೆ ಒಂದು ಹನಿ ನೀರು, ಒಂದು ಹನಿ ಮದ್ಯ ಮುಟ್ಟಿಸಿ ಹೆಸರಿಟ್ಟರೆ ಮಾತ್ರ ಅದು ಮನೆಯದು. ಹನಿ ಬಿಡುವವರ ಗುಣವೇ ಮಗುವಿಗೆ ಹತ್ತುತ್ತದೆಂದು ಆಯ್ದು ಕರೆಯುತ್ತಾರೆ. ನೀರನ್ನೂ ಮುನ್ನಾದಿನ ತೊರೆಯಿಂದ ಅವರೇ ತರುವುದು ವಾಡಿಕೆ. ಅಡ್ವೋವಾಳ ಮೂರನೆಯ ಕೂಸು ಗುರುವಾರ ಹುಟ್ಟಿದ ಹೆಣ್ಣು. ಮನೆಯವರು ಒಮ್ಮತದಿಂದ ಮೇಡಂ ಯಾಳನ್ನು ಕರೆದರು, ಅವಳ ಹೆಸರನ್ನೇ ಇಡುವೆವೆಂದರು.

ನಾಮಕರಣದ ಮುನ್ನಾದಿನ ಬುಧವಾರ ಇಂದುಮತಿ ಜ್ವರದಿಂದ ಮೇಲೇಳಲಿಲ್ಲ. ಅವಳ ಗಡಿಗೆಯಲ್ಲಿದ್ದದ್ದು ಮಂಗಳವಾರದ ನೀರು. ಮನೆಯಲ್ಲಿ ಕುದಿಸಲು ತೊಟ್ಟೂ ಇಲ್ಲವೆಂದು, ಯಾರು ನೋಡಿಯಾರೆಂದು, ಮಧ್ಯಾಹ್ನ ಒಬ್ಬಳೇ ಇಳಿದು ತಂದದ್ದು. ಗುರುವಾರ ನಸುಕಿನಲ್ಲಿ ಅದನ್ನೇ ಸೋರೆಬುರುಡೆಗೆ ಬಗ್ಗಿಸಿಕೊಂಡು, ನೀರಿಗೆ ವಾರವೆಲ್ಲಿಯದು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅಂಗಳಕ್ಕೆ ಬಂದಳು. ಅಡ್ವೋವಾ ಕೂಸನ್ನು ಅವಳ ಮಡಿಲಿಗಿಟ್ಟಳು. ಮೂಡಲು ಆಗಲೇ ಬೆಳ್ಳಗಾಗಿತ್ತು. ಇಂದುಮತಿ ಬೆರಳು ಅದ್ದಿ ಕೂಸಿನ ತುಟಿಯ ಹತ್ತಿರ ತಂದಳು. ಈಗ ಹೇಳಬೇಕಾದ ಮಾತು ಅವಳಿಗೆ ಬಾಯಿಪಾಠವಾಗಿತ್ತು: ನೀನು ನೀರು ಎಂದರೆ ಅದು ನೀರೇ ಆಗಿರಲಿ, ಮದ್ಯ ಎಂದರೆ ಮದ್ಯವೇ ಆಗಿರಲಿ.

“ಹೇಳಿ ಮೇಡಂ,” ಎಂದಳು ನಾನಾ ಅಫುವಾ.

ಕದ್ದು ತಂದ ನೀರು ಮುಟ್ಟಿಸಿ ಆ ಮಾತು ಹೇಳಿದರೆ ಕೂಸಿನ ಮೊದಲ ರುಚಿಯೇ ಸುಳ್ಳು. ಹೇಳದಿದ್ದರೆ, ಮತ್ತೆ ನೀರು ತರುವಷ್ಟರಲ್ಲಿ ಬಿಸಿಲು ಏರಿ, ಕೂಸು ಅತಿಥಿಯಾಗಿಯೇ ಉಳಿದೀತು. ಬೆರಳ ತುದಿಯ ಹನಿ ಬೀಳುವ ಮೊದಲೇ ಅವಳು ಕೈ ಹಿಂದೆಗೆದಳು.

“ನಾನಾ, ಇದು ನಿನ್ನೆಯ ನೀರಲ್ಲ. ಮಂಗಳವಾರದ್ದು.”

“ಶಾಲೆಗೆ ವಾರಕ್ಕೆ ಎರಡು ದಿನ ರಜೆ ಕೊಡುತ್ತೀರಿ,” ಎಂದಳು ಮುದುಕಿ. “ತೊರೆ ಕೇಳಿದ್ದು ಒಂದೇ ದಿನ.”

“ತಪ್ಪಾಯಿತು. ಈಗಲೇ ಓಡಿಹೋಗಿ ತರುತ್ತೇನೆ.”

“ಆ ಜ್ವರದ ಕಾಲಲ್ಲೇ? ನೀವು ಬರುವಷ್ಟರಲ್ಲಿ ಇವಳಿಗೆ ಮದುವೆಯಾಗಿರುತ್ತದೆ. ಆ ನೀರನ್ನು ಬಂಡೆಯ ಮೇಲೆ ಚೆಲ್ಲಿ.”

ಇಂದುಮತಿ ಚೆಲ್ಲಿದಳು. ಮುದುಕಿ ಒಳಗೆ ಹೋಗಿ, ಎಲೆ ಮುಚ್ಚಿದ ಪುಟ್ಟ ಮಡಕೆಯೊಂದನ್ನು ತಂದಿಟ್ಟಳು. “ಮಂಗಳವಾರ ನೀವು ಕೊಡ ಹಿಡಿದು ಇಳಿದದ್ದನ್ನು ಇಲ್ಲಿಂದಲೇ ನೋಡಿದೆ. ಬುಧವಾರ ನಾನೇ ಹೋಗಿ ತಂದೆ.”

“ಹಾಗಾದರೆ ನನ್ನನ್ನು ತಡೆಯಲಿಲ್ಲವೇಕೆ?”

“ಬಾಯಿ ತೆರೆದು ಆ ಮಾತು ಆಡಿದ್ದರೆ ಕೂಸನ್ನು ಕಸಿದುಕೊಳ್ಳುತ್ತಿದ್ದೆ. ನೀರನ್ನು ಯಾರು ಬೇಕಾದರೂ ತರಬಹುದು, ಮೇಡಂ. ಅದು ಎಂದಿನದೆಂದು ನೀವೇ ಹೇಳಬೇಕಿತ್ತು.”

ಇಂದುಮತಿ ಕೂಸನ್ನು ಹಿಂದಕ್ಕೆ ನೀಡಿದಳು. ತನಗೆ ಆ ಯೋಗ್ಯತೆ ಇಲ್ಲವೆಂದು ತಲೆ ತಗ್ಗಿಸಿದಳು. ಅಡ್ವೋವಾ ಅದನ್ನು ಮತ್ತೆ ಅವಳ ಮಡಿಲಿಗೇ ಒತ್ತಿದಳು. “ನಿಮ್ಮ ಹೆಸರೇ ಇರಲಿ. ಬೇಗ ಮಾಡಿ, ಬೆಳಕು ಬಂತು.” ಕೋಕೋ ಮರಗಳ ತುದಿಗೆ ಬಿಸಿಲು ತಾಗುವ ಮುನ್ನ ಆ ಅತಿಥಿ ಮನೆಯ ಮಗಳಾದಳು, ಯಾ ಇಂದುಮತಿ. ಅವಳು ಮೊಮ್ಮಕ್ಕಳನ್ನು ಎತ್ತಿ ಆಡಿಸುವಷ್ಟು ಕಾಲ ಬಾಳಿದಳು ಎನ್ನುತ್ತಾರೆ.

ಇಂದು ಆ ದಾರಿಗೆ ಸಿಮೆಂಟಿನ ಮೆಟ್ಟಿಲುಗಳಾಗಿವೆ, ಮನೆಮನೆಗೆ ನಲ್ಲಿಯೂ ಬಂದಿದೆ. ಆದರೂ ಹೆಸರಿಡುವ ನೀರನ್ನು ತೊರೆಯಿಂದಲೇ ತರುತ್ತಾರೆ. ನಸುಕಿನಲ್ಲಿ ಅಲ್ಲಿಗೆ ಹೋದವರು ನೋಡಬಹುದು: ನೀರು ಹೊತ್ತವರು ಬಂಡೆಯ ಬಳಿ ನಿಂತು, ಅದರ ತಗ್ಗಿಗೆ ಒಂದು ಬೊಗಸೆ ಸುರಿದು, ಅದು ಯಾವ ದಿನದ ನೀರೆಂದು ಕೇಳಿಸುವಂತೆ ಹೇಳುತ್ತಾರೆ. ಅಲ್ಲಿ ಅವರನ್ನು ಕೇಳುವವರು ಯಾರೂ ಇರುವುದಿಲ್ಲ.