ಕುದುರೆಯ ಮೈಮೇಲೆ ಅಲೆ ಬಂದದ್ದು

ನಕ್ಷತ್ರಗಳಿಗೆ ತಮ್ಮ ತಮ್ಮ ಜಾಗ ಇನ್ನೂ ಗೊತ್ತಿರದಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರಬೇಕೆಂದು ಜಗಳವಾಡುತ್ತಿದ್ದವು. ಆಗ ಹುಲ್ಲುಗಾವಲಿನಲ್ಲಿ ಕೆಂದೂಳಿ ಎಂಬ ಹೆಣ್ಣು ಕುದುರೆ ಇದ್ದಳು.

ಕುದುರೆಗಳಿಗೆ ಆಗ ಒಂದೇ ವಿದ್ಯೆ ಗೊತ್ತಿತ್ತು, ಓಡುವುದು. ಹುಲಿ ಬಂದರೆ ಓಟ, ಗುಡುಗಿದರೆ ಓಟ, ಏನೂ ಇಲ್ಲದಿದ್ದರೂ ಒಂದು ಓಟ. ಕೆಂದೂಳಿ ಓಡಿದಲ್ಲೆಲ್ಲ ಕೆಂಪು ಧೂಳೇಳುತ್ತಿತ್ತು. ಅದಕ್ಕೇ ಆ ಹೆಸರು.

ಅವಳ ಚರ್ಮ ಮಾತ್ರ ಬಲು ಸೂಕ್ಷ್ಮ. ನುಸಿ ಕಚ್ಚಿದರೆ ಬೇರೆಯವರಿಗೆ ಒಂದು ಚುಕ್ಕೆ, ಇವಳಿಗೆ ಮೈತುಂಬ ದದ್ದು. ಮರಕ್ಕೆ ಉಜ್ಜಿ ಉಜ್ಜಿ ಕತ್ತಿನ ಕೂದಲೆಲ್ಲ ಉದುರಿತ್ತು. ಉಜ್ಜಿದಷ್ಟೂ ತುರಿಕೆ ಹೆಚ್ಚು. ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು.

ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಆದರೆ ಅವಳಿಗೊಂದು ಮರಿ ಹುಟ್ಟಿತ್ತು. ಮರಿ ಕೆಚ್ಚಲಿಗೆ ಬಾಯಿ ಹಾಕುವುದೇ ತಡ, ನುಸಿ ಕಚ್ಚುವುದು, ಕೆಂದೂಳಿ ಓಡುವುದು. ಮರಿ ಬಾಯಿ ತೆರೆದುಕೊಂಡು ಅಲ್ಲೇ ನಿಲ್ಲುವುದು. ದಿನದಿನಕ್ಕೆ ಅದರ ಪಕ್ಕೆಲುಬು ಎದ್ದು ಕಾಣತೊಡಗಿತು.

ಅವಳು ಗಾಳಿಯ ಬಳಿ ಓಡಿದಳು. "ಗಾಳಿಯಣ್ಣ, ಏನಾದ್ರೂ ಮಾಡೋ. ಮರಿ ಉಳಿಯಲ್ಲ."

"ದಿಬ್ಬದ ಮೇಲೆ ಬಾರವ್ವ. ನಾನು ಬೀಸೋ ಕಡೆ ನುಸಿ ಹಾರಲ್ಲ," ಅಂದಿತು ಗಾಳಿ.

ಆದರೆ ಗಾಳಿ ಒಂದೆಡೆ ನಿಲ್ಲುವ ಗಿರಾಕಿಯೇ? ಮರಿ ಒಂದು ಗುಟುಕು ಎಳೆಯುವಷ್ಟರಲ್ಲಿ ಪಕ್ಕದ ಕಣಿವೆಗೆ ಹೊರಟುಬಿಟ್ಟಿತು. ನುಸಿ ಬಂತು. ಕೆಂದೂಳಿ ಓಡಿದಳು.

ಎಮ್ಮೆಯ ಬಳಿ ಓಡಿದಳು. "ಕೆಸರಲ್ಲಿ ಹೊರಳಾಡೇ, ಯಾವ ನುಸಿ ಕಚ್ಚುತ್ತೋ ನೋಡ್ತೀನಿ," ಅಂದಿತು ಎಮ್ಮೆ. ಹೊರಳಾಡಿದಳು. ಎದ್ದು ನಾಲ್ಕು ಹೆಜ್ಜೆ ಓಡಿದ್ದೇ ಕೆಸರು ಒಣಗಿ ಉದುರಿತು.

"ನನ್ ಥರ ಅದ್ರಲ್ಲೇ ಬಿದ್ದಿರಬೇಕಮ್ಮ," ಎಂದು ಎಮ್ಮೆ ಕಣ್ಣು ಮುಚ್ಚಿತು. ಕೆಸರಲ್ಲಿ ಬಿದ್ದುಕೊಂಡರೆ ಮರಿ ಹಾಲು ಕುಡಿಯುವುದು ಹೇಗೆ?

ಉಳಿದ ಕೆಸರು ತೊಳೆಯಲು ಕೊಳಕ್ಕೆ ಬಂದಳು. ಮರಿ ತೂರಾಡುತ್ತ ಹಿಂದೆ ಬಂತು. ನೀರಿನ ಮೇಲೆ ನುಸಿಯೊಂದು ಕೂತಿತು. ಆ ಜಾಗದಲ್ಲಿ ನೀರು ತುಸು ಅಲುಗಿತು, ನುಸಿ ಹಾರಿಹೋಯಿತು. ತಳದಲ್ಲಿ ಮೀನುಮರಿಗಳು ನಿದ್ದೆಯಲ್ಲೇ ಇದ್ದವು.

"ಕೊಳವ್ವ, ನಿಂಗೆ ಓಡಬೇಕು ಅನ್ಸಲ್ವಾ?"

"ಅನ್ಸದೆ ಏನು. ನಾನು ಎದ್ದು ಓಡಿದ್ರೆ ಹೊಟ್ಟೇಲಿರೋ ಈ ಮಕ್ಕಳ ಗತಿ? ಅದಕ್ಕೇ ನುಸಿ ಕೂತ ಜಾಗ ಮಾತ್ರ ಓಡುತ್ತೆ, ನಾನು ಇಲ್ಲೇ ಇರ್ತೀನಿ."

"ನಂಗೂ ಕಲಿಸು."

"ಕಲಿಸೋಕೇನಿದೆ? ನಿಂತ್ಕೋ. ಓಡೋರಿಗೆ ಇದು ಬರಲ್ಲ."

ಕೆಂದೂಳಿ ನಿಂತಳು. ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಭುಜದ ಮೇಲೆ ನುಸಿ ಕೂತು ಕಚ್ಚಿತು. ಬೆಂಕಿ ಇಟ್ಟಂತಾಯಿತು. ನಾಲ್ಕೂ ಕಾಲು ಓಡು ಓಡು ಎಂದವು. ಹೊಟ್ಟೆಯಡಿ ಮರಿ ಗುಟುಕರಿಸುವ ಸದ್ದು ಕೇಳಿತು. ಅವಳು ಗೊರಸುಗಳನ್ನು ನೆಲಕ್ಕೆ ಊರಿದಳು. ಕಾಲಲ್ಲಿದ್ದ ಓಟವೆಲ್ಲ ಮೇಲೇರಿ ಭುಜಕ್ಕೆ ಬಂತು. ಭುಜದ ಚರ್ಮ ಫರ್ರನೆ ಅಲುಗಿತು. ನುಸಿ ಹಾರಿತು.

ಇನ್ನೊಂದು ಕೂತಿತು. ಮತ್ತೆ ಅಲೆ ಎದ್ದಿತು. ಮರಿ ಹೊಟ್ಟೆ ತುಂಬ ಕುಡಿದು ಅಲ್ಲೇ ಮಲಗಿತು. ತುರಿಕೆ ಪೂರ್ತಿ ಹೋಗಲಿಲ್ಲ, ನಿಜ. ಆದರೂ ಕೆಂದೂಳಿಗೆ ಅಂದು ಆದಷ್ಟು ಸಂತೋಷ ಯಾವ ಓಟದಲ್ಲೂ ಆಗಿರಲಿಲ್ಲ.

ಇವತ್ತಿಗೂ ನೋಡು ಮಗು, ಕುದುರೆಯ ಭುಜದ ಮೇಲೆ ನುಸಿಯೋ ನೊಣವೋ ಕೂತರೆ ಆ ಜಾಗದ ಚರ್ಮವಷ್ಟೇ ಕೊಳದ ನೀರಿನಂತೆ ಅಲುಗುತ್ತದೆ, ಹೊಟ್ಟೆಯಡಿ ಮರಿ ಇರಲಿ, ಇಲ್ಲದಿರಲಿ, ಕಾಲು ಮಾತ್ರ ಕದಲುವುದಿಲ್ಲ.